"ಹುಡುಗರಿಗೆ ಟಿ.ವಿ. ಇದೆಯಲ್ಲ!"

ವಾರಕ್ಕೊಂದು ಪೂರ್ಣ ರಜೆ ಕೊಡಿರೆಂದು ಕೇಳಲು ಹೋದ ನಮಗೆ ಧಣಿಯೊಬ್ಬರು ಕೊಟ್ಟ ಉತ್ತರವಿದು: "ಬೇಸರ ಕಳೆಯಲು ಹೋಟೆಲಿನಲ್ಲೇ ಟಿ.ವಿ. ಹಾಕಿಸಿದ್ದೇನಲ್ಲ! ಹುಡುಗರಿಗೆ ಇನ್ನು ರಜೆ ಯಾಕೆ?"

ಸಂಗಾತಿಗಳೇ, ಆ ಟಿ.ವಿ. ಇರುವುದು ಗಿರಾಕಿಯ ಕಣ್ಣಿನ ನೇರಕ್ಕೆ. ಮಾಣಿಯ ಬೆನ್ನು ಅದರ ಕಡೆಗೆ. ಅಡಿಗೆಯವನಿಗೆ ನಡುವೆ ಗೋಡೆ. ಕಪ್ಪುಬಸಿ ತೊಳೆಯುವವನಿಗೆ ಅದರ ಸದ್ದೂ ಕೇಳಿಸದು. ಇದು ನಮಗೆ ಕೊಟ್ಟ ಸವಲತ್ತಂತೆ!

ನಮ್ಮಲ್ಲೇ ಕೆಲವು ಬುದ್ಧಿವಂತರು, "ಟಿ.ವಿ. ಹುಟ್ಟಿದ್ದೇ ಉಳ್ಳವರ ಮನೆಗೆ, ಅದರ ಗೊಡವೆ ನಮಗೇಕೆ?" ಎನ್ನುತ್ತಾರೆ. ಈ ಮಾತು ಸುಳ್ಳು. ನಮ್ಮ ದೇಶದಲ್ಲಿ ಅದು ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯ ಆಕಾಶವಾಣಿಯಲ್ಲಿ. ಸಣ್ಣ ಪ್ರಸಾರಯಂತ್ರ, ಊರು ದಾಟಿ ದೂರ ಹೋದರೆ ಚಿತ್ರವಿಲ್ಲ. ವಾರಕ್ಕೆ ಎರಡೇ ದಿನ, ಒಂದೊಂದು ಗಂಟೆ. ಆದರೆ ಯುನೆಸ್ಕೋ ನೆರವಿನಿಂದ ಬಂದ ಪೆಟ್ಟಿಗೆಗಳನ್ನು ಇಟ್ಟದ್ದು ಸಾಹುಕಾರರ ಬಂಗಲೆಯಲ್ಲಲ್ಲ, ಹತ್ತು ಜನ ಕೂಡುವ ಟೆಲಿಕ್ಲಬ್ಬುಗಳಲ್ಲಿ. ನೋಡಿದವರು ಕುಳಿತು ಚರ್ಚೆ ಮಾಡಬೇಕೆಂಬುದೇ ಉದ್ದೇಶ.

ಬಯಲುಸೀಮೆಯಿಂದ ಬಂದ ಅಣ್ಣಂದಿರು ಇದನ್ನು ಕೇಳಬೇಕು. 1975ರ ಆಗಸ್ಟ್ 1ರಿಂದ ಒಂದು ವರುಷ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ, ಊರಿಗೆಲ್ಲ ಸೇರಿ ಒಂದು ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಹೊಲದಿಂದ ಬಂದವರಿಗೆ ಎರಡೂವರೆ ಗಂಟೆ. ಕನ್ನಡದ ಕಾರ್ಯಕ್ರಮಗಳೂ ಇದ್ದವು. ಬೆಂಗಳೂರಿಗೆ ಸ್ವಂತ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ! ದುಡಿಯುವವನಿಗೆ ಯಾವಾಗ ಬಿಡುವು ಎಂಬ ಲೆಕ್ಕ ಆ ಯೋಜನೆಯಲ್ಲಿತ್ತು. ಆದರೆ ಉಪಗ್ರಹ ಎರವಲಿನದು. 1976ರ ಜುಲೈ 31ಕ್ಕೆ ಗಡುವು ತೀರಿತು, ಅದು ಹೊರಟುಹೋಯಿತು.

ಮುಂಬಯಿಗೆ ಟಿ.ವಿ. ಬಂದದ್ದು 1972ರ ಅಕ್ಟೋಬರ್ 2ರಂದು. ಪ್ರಸಾರ ಸಂಜೆಗೆ, ಅಂದರೆ ಹೋಟೆಲಿನಲ್ಲಿ ಗಿರಾಕಿ ನೂಕಿ ಬರುವ ಹೊತ್ತಿಗೆ, ಗಿರಣಿಯಲ್ಲಿ ಎರಡನೇ ಪಾಳಿಯ ಹೊತ್ತಿಗೆ. 1982ರ ಆಗಸ್ಟ್ 15ರಂದು ಬಣ್ಣವೂ ಬಂತು. ಅಂದಿಗೆ ಈ ಊರಿನ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿ ಏಳು ತಿಂಗಳಾಗುತ್ತ ಬಂದಿತ್ತು. ಖೋಲಿಯ ತಾಮ್ರದ ಹಂಡೆ ಮಾರಿ ಅಕ್ಕಿ ತಂದವರಿಗೆ ಬಣ್ಣದ ಟಿ.ವಿ. ಭಾಗ್ಯ!

"ಈಗ ಜೇಬಿನ ಫೋನಿನಲ್ಲೇ ಎಲ್ಲ ಕಾಣುತ್ತದಲ್ಲ" ಎಂದೂ ಧಣಿಗಳು ಹೇಳಿಯಾರು. ಕಾಣುತ್ತದೆ, ಒಪ್ಪೋಣ. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದು, ಬೆಳಗಿನ ಐದಕ್ಕೆ ಒಲೆ ಹಚ್ಚುವವನು ಅದನ್ನು ನೋಡುವುದು ಯಾವಾಗ? ನಿದ್ದೆ ಬಿಟ್ಟೋ?

ರಜೆಯ ಬೇಡಿಕೆಪತ್ರ ಸಂಘದ ಕಚೇರಿಯಲ್ಲಿದೆ. ಭಾನುವಾರ ರಾತ್ರಿ ಹನ್ನೆರಡಕ್ಕೆ ಸಭೆ. ನಮಗೆ ಬಿಡುವಿರುವುದೇ ಆಗ. ಬಂದು ಸಹಿ ಹಾಕಿರಿ.