ನಾಲ್ಕನೆಯ ಮೊನೆ ಹೇಳುವ ಪಾಠ

ನಮ್ಮ ಜೀವಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡ್‌ಗಳನ್ನು ಒಟ್ಟಿಗೆ ಇಟ್ಟು ನೋಡಿ. ಈರುಳ್ಳಿ ಬೇರಿನ ಸ್ಲೈಡ್ ಒಬ್ಬೊಬ್ಬರದು ಒಂದೊಂದು ಥರ, ಚಿತ್ರ ಮಾತ್ರ ಎಲ್ಲರದೂ ಪುಸ್ತಕದ್ದೇ. ಸ್ಲೈಡ್‌ನಲ್ಲಿ ಕಂಡ ವಿಚಿತ್ರ ಗುರುತಿಗೆ ಅಲ್ಲಿ ಜಾಗವಿಲ್ಲ. ಇದು ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಕೆಲವೊಮ್ಮೆ ಉತ್ತರ ಸಿಗುವುದೇ ‘ಸರಿಯಿಲ್ಲದ’ ಮಾದರಿಯಿಂದ. ಟ್ರೈಲೊಬೈಟ್‌ಗಳ ಕಥೆ ಇದಕ್ಕೆ ಸಾಕ್ಷಿ.

ಟ್ರೈಲೊಬೈಟ್‌ಗಳು ಏಡಿ, ಚೇಳುಗಳಂತೆ ಸಂಧಿಪದಿಗಳು. ಸುಮಾರು 52 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಕಾಣಿಸಿಕೊಂಡು, ಸುಮಾರು 25 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದುಹೋದವು. ಹೋಲಿಸಿ ನೋಡಲು ಜೀವಂತ ಟ್ರೈಲೊಬೈಟ್ ಒಂದೂ ಇಲ್ಲದ ಕಾರಣ, ಕಲ್ಲಿನಲ್ಲಿ ಕಾಣುವ ಮುಳ್ಳು, ಗಂಟುಗಳ ಅರ್ಥ ಹೇಳುವುದು ಕಷ್ಟ. ವೇಲ್ಸ್‌ನಲ್ಲಿ ಸಿಕ್ಕ ಒಂದನ್ನು ಎಡ್ವರ್ಡ್ ಲೂಯಿಡ್ 1698ರ ಪತ್ರವೊಂದರಲ್ಲಿ ಚಪ್ಪಟೆ ಮೀನಿನ ಅಸ್ಥಿಪಂಜರ ಎಂದರು. ಹೆಸರು ತಪ್ಪಾಗಿತ್ತು. ಆದರೆ ಕಂಡಂತೆ ಬಿಡಿಸಿದ ಚಿತ್ರವಿತ್ತು. ಅದನ್ನು ನೋಡಿಯೇ ನಂತರದವರು ಅದು ಟ್ರೈಲೊಬೈಟ್ ಎಂದು ಗುರುತಿಸಿದರು.

ಇನ್ನೊಂದು ಒಗಟು ಮೊರಾಕ್ಕೊದ ವಾಲಿಸೆರಾಪ್ಸ್. ಸುಮಾರು 40 ಕೋಟಿ ವರ್ಷ ಹಳೆಯದಾದ ಇದರ ತಲೆಯ ಮುಂದೆ ಮೂರು ಮೊನೆಯ ಉದ್ದನೆಯ ತ್ರಿಶೂಲವಿದೆ. ಯಾತಕ್ಕೆ? ರಕ್ಷಣೆಗೋ, ಆಹಾರ ಹುಡುಕಲೋ? ಆಗ ನಾಲ್ಕು ಮೊನೆಯ ಒಂದು ಮಾದರಿ ಗಮನ ಸೆಳೆಯಿತು. ಇಂಥದ್ದನ್ನು ಕಂಡಾಗ ಕೇಳಬೇಕಾದ ಪ್ರಶ್ನೆಗಳಿವೆ. ಮಾರಾಟಕ್ಕಾಗಿ ಅಂಟಿಸಿದ ನಕಲಿಯೇ? ಕಲ್ಲಿನ ಬಿರುಕೇ? ವಾಸಿಯಾದ ಗಾಯವೇ? ಬೆಳವಣಿಗೆಯ ದೋಷವೇ? 2023ರಲ್ಲಿ ಅಲನ್ ಗಿಶ್ಲಿಕ್ ಮತ್ತು ರಿಚರ್ಡ್ ಫೋರ್ಟಿ ಇದು ಬೆಳವಣಿಗೆಯ ದೋಷ ಎಂದು ವಾದಿಸಿದರು. ಆ ಪ್ರಾಣಿ ಪೂರ್ತಿ ಬೆಳೆದು ದೊಡ್ಡದಾಗಿತ್ತು. ಅಂದರೆ ತ್ರಿಶೂಲ ವಿಕಾರವಾಗಿದ್ದರೂ ಅದರ ಬದುಕು ನಡೆದಿತ್ತು. ಹಾಗಾದರೆ ಅದು ಊಟಕ್ಕೆ, ಪ್ರಾಣರಕ್ಷಣೆಗೆ ಅನಿವಾರ್ಯವಾದ ಅಂಗವಾಗಿರಲಾರದು. ನಮ್ಮ ತೆಂಗಿನ ತೋಟದ ಕುರುವಾಯಿ ದುಂಬಿಯ ಬಂಧುಗಳಾದ ಕೆಲವು ಏಷ್ಯಾದ ದುಂಬಿಗಳಲ್ಲಿ ಗಂಡುಗಳು ಕೊಂಬಿನಿಂದ ಎದುರಾಳಿಯನ್ನು ಎತ್ತಿ ಉರುಳಿಸುತ್ತವೆ. ತ್ರಿಶೂಲವೂ ಹೆಣ್ಣಿಗಾಗಿ ಗಂಡುಗಳು ನಡೆಸುತ್ತಿದ್ದ ಕಾದಾಟದ ಆಯುಧವಾಗಿರಬೇಕು ಎಂಬುದು ಅವರ ವಾದ. ಇದು ಕೊನೆಯ ಮಾತಲ್ಲದಿರಬಹುದು. ಆದರೆ ‘ಇದು ಕೆಟ್ಟ ಮಾದರಿ’ ಎಂದು ಬದಿಗಿಟ್ಟಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ.

ಸುಮಾರು ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿ ಭಾರತದ ನೆಲ ಅಗೆದಾಗ ಸಿಗುವ ಉರುಟು ಕಲ್ಲುಗಳನ್ನು ಗಮನಿಸಿದರು. ಬೆಟ್ಟದ ಹತ್ತಿರ ದೊಡ್ಡ ಕಲ್ಲು, ದೂರ ಹೋದಂತೆ ಸಣ್ಣದು. ಈ ಬಯಲು ಹಿಂದೆ ಸಮುದ್ರವಾಗಿದ್ದು, ನದಿಗಳು ತಂದ ಮಣ್ಣಿನಿಂದ ತುಂಬಿತು ಎಂದು ಅವರು ತರ್ಕಿಸಿದರು. ಭಾಷಣಗಳಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೇಳುವ ನಾವು ಅವರ ನೋಡುವ ಅಭ್ಯಾಸವನ್ನೂ ಕಲಿಯಬೇಡವೇ?

ಪರೀಕ್ಷೆಗೆ ಪುಸ್ತಕದ ಚಿತ್ರವೇ ಬೇಕು, ಸಮಯವೂ ಕಡಿಮೆ ಎಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ಪುಸ್ತಕದ ಚಿತ್ರ ಇರಲಿ. ಅದರ ಎದುರು ಅರ್ಧ ಪುಟ ‘ನಾನು ಕಂಡದ್ದು’ ಎಂದು ಬಿಡಲಿ. ಅಲ್ಲಿ ಗಾಳಿಗುಳ್ಳೆಯಿದ್ದರೆ ಗಾಳಿಗುಳ್ಳೆ, ಹರಿದ ಕೋಶವಿದ್ದರೆ ಹರಿದ ಕೋಶ. ಅದಕ್ಕೆ ಅಂಕ ಬೇಡ, ಕೆಂಪು ಶಾಯಿಯೂ ಬೇಡ. ಉಪನ್ಯಾಸಕರು ‘ಇದು ಏನಿರಬಹುದು?’ ಎಂದು ಒಂದು ಪ್ರಶ್ನೆ ಬರೆದರೆ ಸಾಕು.