ಕಾಯುವ ತಿಂಗಳುಗಳೂ ಚಿಕಿತ್ಸೆಯೇ ಆಗಲಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.



ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇಸಿಜಿ ತೆಗೆದು, ಅದನ್ನು ದೂರದ ತಜ್ಞರಿಗೆ ತೋರಿಸಿ, ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ನಿಮ್ಮ ಇಲಾಖೆ ಕಟ್ಟಿದೆ. ಇದು ಜೀವ ಉಳಿಸುವ ಕೆಲಸ. ಅದೇ ಇಸಿಜಿ ಯಂತ್ರ, ಅದೇ ತಜ್ಞರ ಸಂಪರ್ಕ, ಅದೇ ಸಿಬ್ಬಂದಿಯಿಂದ ಇನ್ನೊಂದು ಗುಂಪಿನ ರೋಗಿಗಳನ್ನೂ ಕಾಪಾಡಬಹುದು ಎಂದು ಹೇಳಲು ಈ ಪತ್ರ. ಇವರ ರಕ್ತನಾಳ ಕಟ್ಟಿಕೊಂಡಿರುವುದಿಲ್ಲ, ಹೃದಯದ ಬಡಿತ ತಾಳ ತಪ್ಪಿರುತ್ತದೆ. ಚಿಕಿತ್ಸೆಯೂ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ಮೊದಲು ಪರೀಕ್ಷೆ, ಆಮೇಲೆ ವಿದ್ಯುತ್ ಶಾಕ್ ಅಥವಾ ಅಬ್ಲೇಷನ್ (ತಾಳ ತಪ್ಪಿಸುವ ಹೃದಯದ ಜಾಗವನ್ನು ಸುಟ್ಟು ಸರಿಪಡಿಸುವ ಚಿಕಿತ್ಸೆ), ಕೆಲವರಿಗೆ ಮತ್ತೊಮ್ಮೆ ಅಬ್ಲೇಷನ್, ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಎಂಟು–ಹನ್ನೆರಡು ವರ್ಷಕ್ಕೊಮ್ಮೆ ಯಂತ್ರದ ಬದಲಾವಣೆ. ಒಂದು ಹಂತಕ್ಕೂ ಮುಂದಿನ ಹಂತಕ್ಕೂ ನಡುವೆ ರೋಗಿ ತನ್ನ ಊರಲ್ಲಿರುತ್ತಾನೆ. ಆ ಅವಧಿಯಲ್ಲಿ ಅವನು ಯಾರ ಹೊಣೆ ಎಂಬುದಕ್ಕೆ ನಮ್ಮ ವ್ಯವಸ್ಥೆಯಲ್ಲಿ ಸ್ಪಷ್ಟ ಉತ್ತರ ಬೇಕು. ತಾಲ್ಲೂಕು ಆಸ್ಪತ್ರೆಯ ಹೊಣೆ ಎಂಬುದೇ ಆ ಉತ್ತರವಾಗಬೇಕು.

ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ತೊಂದರೆಯನ್ನೇ ನೋಡಿ. ಇದು ಲಕ್ವ ಹೊಡೆಯುವ ಅಪಾಯವನ್ನು ಸುಮಾರು ಐದು ಪಟ್ಟು ಹೆಚ್ಚಿಸುತ್ತದೆ. ನಮ್ಮ ದೇಶದಲ್ಲಿ ಚಿಕ್ಕಂದಿನ ಕೀಲುವಾತ ಜ್ವರದಿಂದ ಕವಾಟ ಕೆಟ್ಟು ಈ ಸ್ಥಿತಿಗೆ ಬಂದವರು ಇನ್ನೂ ಬಹಳ. ಅಂಥವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಬಗೆಯ ಮಾತ್ರೆಗಿಂತ ಹಳೆಯ ವಾರ್ಫರಿನ್ ಬಗೆಯ ಔಷಧವೇ ಮೇಲೆಂದು, ಭಾರತವೂ ಸೇರಿದಂತೆ 24 ದೇಶಗಳ 4,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ತೋರಿಸಿತು. ವಾರ್ಫರಿನ್ ಅಗ್ಗದ ಮಾತ್ರೆ, ಆದರೆ ಹದ ತಪ್ಪಿದರೆ ಅಪಾಯ. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರಬೇಕು. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಒಳಗೊಳಗೇ ಸೋರುತ್ತದೆ. ಮೂರು ದಿನ ಸತತವಾಗಿ ಸೊಪ್ಪಿನ ಬಸ್ಸಾರು ಉಂಡು ಆಮೇಲೆ ವಾರವಿಡೀ ಸೊಪ್ಪು ಮುಟ್ಟದಿದ್ದರೂ ಅಂಕಿ ಏರುಪೇರಾಗಬಹುದು. ಸೊಂಟನೋವಿಗೆಂದು ಹಾಕಿಸಿಕೊಂಡ ಒಂದು ಡೈಕ್ಲೋಫೆನಾಕ್ ಇಂಜೆಕ್ಷನ್ ರಕ್ತಸ್ರಾವ ತರಬಹುದು. ಇವನ್ನೆಲ್ಲ ಹೇಳಿ ತಿದ್ದಬೇಕಾದವರು ಊರಿನ ಹತ್ತಿರ ಇರಬೇಕು. ಇನ್ನೂ ಒಂದು ಮಾತು. ಶಾಕ್ ಕೊಟ್ಟು ಬಡಿತ ಸರಿಪಡಿಸುವ ಮುನ್ನ ಕನಿಷ್ಠ ಮೂರು ವಾರ ಈ ಔಷಧ ಹದವಾಗಿ ಕೆಲಸ ಮಾಡಿರಬೇಕು ಎಂಬುದು ವೈದ್ಯಶಾಸ್ತ್ರದ ನಿಯಮ. ನಿಗದಿಯಾದ ದಿನ ಮೈಸೂರಿಗೋ ಬೆಂಗಳೂರಿಗೋ ಹೋದ ಮೇಲೆ ಐಎನ್‌ಆರ್ ಕಡಿಮೆ ಎಂದು ಗೊತ್ತಾದರೆ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ, ಲೆಕ್ಕ ಮೊದಲಿಂದ ಶುರುವಾಗುತ್ತದೆ. ನಮ್ಮ ತಾಲ್ಲೂಕು ಕೇಂದ್ರ ಹುಣಸೂರಿನಲ್ಲೇ ಆಗಬಹುದಾದ ಒಂದು ರಕ್ತಪರೀಕ್ಷೆ ತಪ್ಪಿದ್ದಕ್ಕೆ ರೋಗಿಯ ಒಂದು ತಿಂಗಳೂ ದೊಡ್ಡ ಆಸ್ಪತ್ರೆಯ ಒಂದು ಸರದಿಯೂ ಹಾಳು. ಊರಿನ ಆರೈಕೆ ಸರಿಯಿದ್ದರೆ ಕಾಯುವ ಕಾಲವೇ ಕಡಿಮೆಯಾಗುತ್ತದೆ.

ಇನ್ನೊಂದು ಬಗೆಯವರಿಗೆ ಇದ್ದಕ್ಕಿದ್ದಂತೆ ಎದೆ ನಿಮಿಷಕ್ಕೆ ನೂರೈವತ್ತು, ಇನ್ನೂರು ಸಲ ಬಡಿದುಕೊಂಡು, ಹಾಗೇ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎಸ್‌ವಿಟಿ ಎನ್ನುವ ಈ ತೊಂದರೆಯ ಬಹುಪಾಲು ಬಗೆಗಳನ್ನು ಅಬ್ಲೇಷನ್ ಪೂರ್ತಿ ವಾಸಿ ಮಾಡಬಲ್ಲದು. ಆದರೆ ಡವಡವ ನಿಂತ ಮೇಲೆ ತೆಗೆದ ಇಸಿಜಿ ಬಹಳ ಸಲ ಸರಿಯಾಗಿಯೇ ಕಾಣುತ್ತದೆ, ‘ಏನೂ ಇಲ್ಲ, ಭಯಬೇಡಿ’ ಎಂಬ ಮಾತಿನೊಂದಿಗೆ ರೋಗಿ ವಾಪಸ್ಸು. ಬಡಿತ ಜೋರಾಗಿರುವಾಗಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಇಸಿಜಿ ತೆಗೆದು ಕಡತಕ್ಕೆ ಸೇರಿಸಿದರೆ, ಯಾರಿಗೆ ತುರ್ತು, ಯಾರು ಸ್ವಲ್ಪ ಕಾಯಬಹುದು ಎಂಬುದನ್ನು ತಜ್ಞರು ಆ ಕಾಗದ ನೋಡಿಯೇ ತೂಗಬಲ್ಲರು. ಸರದಿ ಬರುವವರೆಗೆ ರೋಗಿ ತಾನೇ ಮಾಡಿಕೊಳ್ಳಬಹುದಾದ ಉಪಾಯವೂ ಒಂದಿದೆ. ಒರಗಿ ಕೂತು 10 ಮಿಲಿಲೀಟರ್ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಕದಲುವಷ್ಟು ಬಿಗಿಯಾಗಿ 15 ಸೆಕೆಂಡು ಊದಬೇಕು. ಕೂಡಲೇ ಅಂಗಾತ ಮಲಗಿಸಿ ಕಾಲುಗಳನ್ನು 15 ಸೆಕೆಂಡು ಎತ್ತಿ ಹಿಡಿಯಬೇಕು. ಇಂಗ್ಲೆಂಡಿನಲ್ಲಿ 428 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ರಿವರ್ಟ್ ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ ಶೇ 43 ಮಂದಿಯ ಬಡಿತ ಹದಕ್ಕೆ ಬಂತು, ಕೂತಲ್ಲೇ ಊದಿದವರಲ್ಲಿ ಶೇ 17 ಮಂದಿಯದು. ಇದು ಎಲ್ಲರಿಗೂ ಸಲ್ಲುವುದಿಲ್ಲ, ವೈದ್ಯರೇ ನೋಡಿ ಕಲಿಸಬೇಕು. ಖರ್ಚು ಮಾತ್ರ ಒಂದು ಸಿರಿಂಜು. ನಮ್ಮ ಭಾಗದ ದುಡಿಮೆಯನ್ನು ಬಲ್ಲ ವೈದ್ಯರಿಗೆ ಇನ್ನೂ ಕೆಲವು ತಿಳಿದಿರುತ್ತವೆ: ಇಬ್ಬನಿ ಕೂತ ಹಸಿ ಹೊಗೆಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದಿಂದಲೇ ಮೈಗಿಳಿದು ನಾಡಿ ಏರುಪೇರಾಗಬಹುದು, ಆ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಉರಿ ಕಾಯುತ್ತ ನಿದ್ದೆಗೆಟ್ಟ ರಾತ್ರಿಗಳೂ, ಸರಿಯಾಗಿ ನೀರು ಕುಡಿಯದಿರುವುದೂ ತಾಳ ತಪ್ಪುವ ಹೃದಯಕ್ಕೆ ಒಳ್ಳೆಯದಲ್ಲ. ಬೆಂಗಳೂರಿನ ತಜ್ಞರ ಹತ್ತು ನಿಮಿಷದ ಭೇಟಿಯಲ್ಲಿ ಇದೆಲ್ಲ ಮಾತಿಗೆ ಬರುವುದು ಕಷ್ಟ.

ಇನ್ನು ಚಿಕಿತ್ಸೆಯ ದಿನಾಂಕದ ವಿಚಾರ. ನಮ್ಮೂರಿನ ತಂಬಾಕು ಹರಾಜು ಮಾರುಕಟ್ಟೆಗೆ ಬೇಲು ತರಬೇಕಾದ ದಿನ ರೈತನಿಗೆ ಮುಂಚೆಯೇ ಗೊತ್ತಿರುತ್ತದೆ, ಅದಕ್ಕೆ ತಕ್ಕಂತೆ ಅವನು ಗಾಡಿ, ಆಳು ಹೊಂದಿಸಿಕೊಳ್ಳುತ್ತಾನೆ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯಡಿ ಜಾತಿ ಪ್ರಮಾಣಪತ್ರದ ಅರ್ಜಿಗೂ ಒಂದು ಸಂಖ್ಯೆ, ಒಂದು ಗಡುವು ಇದೆ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರವೂ ಉಂಟು. ಹೃದಯದ ಚಿಕಿತ್ಸೆಗೆ ಹೆಸರು ಬರೆಸಿದವರಿಗೂ ಅಂಥ ಒಂದು ಸಂಖ್ಯೆ, ಅಂದಾಜು ತಿಂಗಳು ಸಿಗಬೇಕು. ತುರ್ತು ರೋಗಿಗಳು ಬಂದರೆ ಕೊಟ್ಟ ದಿನ ಉಳಿಸಿಕೊಳ್ಳಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಸ್ವೀಡನ್ನಿನಲ್ಲಿ ಚಿಕಿತ್ಸೆ ಬೇಕೆಂದು ತೀರ್ಮಾನವಾದ 90 ದಿನಗಳೊಳಗೆ ಅದು ಸಿಗಬೇಕೆಂಬ ಖಾತರಿಯಿದೆ, ಇಂಗ್ಲೆಂಡಿನಲ್ಲಿ 18 ವಾರಗಳ ಗುರಿಯಿದೆ. ಎರಡೂ ಕಡೆ ಅದು ಎಷ್ಟೋ ಸಲ ತಪ್ಪುತ್ತದೆ. ಆದರೆ ಗಡುವು ಇರುವುದರಿಂದ ತಪ್ಪಿದ್ದು ಲೆಕ್ಕಕ್ಕೆ ಸಿಗುತ್ತದೆ, ಜನ ಕೇಳಬಲ್ಲರು, ಸರ್ಕಾರ ಎಲ್ಲಿ ಹಣ ಹಾಕಬೇಕೆಂದು ತಿಳಿಯಬಲ್ಲದು. ದಿನ ಮುಂದೆ ಹೋದರೆ ಅದನ್ನು ಫೋನಿನಲ್ಲಿ ತಿಳಿಸುವುದು ಕಷ್ಟದ ಕೆಲಸವಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗಲೇ ಕೆಲಸ ಹೆಚ್ಚು, ಈ ರೋಗಿಗಳ ಆರೈಕೆಯನ್ನೂ ಹೇರಿದರೆ ಹೇಗೆ ಎನ್ನಬಹುದು. ಹೇರಬೇಡಿ, ವಾರಕ್ಕೆ ಒಂದು ಮಧ್ಯಾಹ್ನ, ತರಬೇತಿ ಪಡೆದ ಒಬ್ಬ ನರ್ಸ್, ಐಎನ್‌ಆರ್ ಪರೀಕ್ಷೆ ಮತ್ತು ಸಂಶಯ ಬಂದಾಗ ಕೇಳಲು ಒಬ್ಬ ತಜ್ಞರು, ಇಷ್ಟನ್ನು ಹೆಚ್ಚುವರಿಯಾಗಿ ಕೊಡಿ. ಹೆಚ್ಚು ತಿಳಿಸಿದರೆ ಜನ ಹೆದರಿ ದೊಡ್ಡ ಆಸ್ಪತ್ರೆಗೆ ನುಗ್ಗುತ್ತಾರೆ ಎನ್ನುವವರೂ ಇದ್ದಾರೆ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಗ್ಗೆ ನೆರೆದ ಜನಸಾಗರವನ್ನು ನೆನೆಯಿರಿ. ಅವರನ್ನು ಅಲ್ಲಿಗೆ ಓಡಿಸಿದ್ದು ವೈದ್ಯರ ಮಾತಲ್ಲ, ಹೇಳುವವರು ಹತ್ತಿರದಲ್ಲಿ ಇಲ್ಲದಿದ್ದಾಗ ಬೆಳೆದ ಭಯ. ಮನೆಯ ಹತ್ತಿರವೇ ನಂಬಿ ಕೇಳಬಹುದಾದವರಿದ್ದರೆ ಅಷ್ಟು ಮಂದಿ ಅಷ್ಟು ದೂರ ಹೋಗುತ್ತಿರಲಿಲ್ಲ, ನಿಜವಾಗಿ ತುರ್ತಿದ್ದವರು ಆ ಸಾಲಿನ ಹಿಂದೆ ಸಿಕ್ಕಿಕೊಳ್ಳುತ್ತಿರಲಿಲ್ಲ.

ಪೇಸ್‌ಮೇಕರ್ ಇರುವವರದು ಸ್ವಲ್ಪ ಬೇರೆ. ಬ್ಯಾಟರಿ ಬದಲಿಸುವ ಸೂಚನೆ ಬಂದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನ ಕಾಲವಿರುತ್ತದೆ. ಆ ಸೂಚನೆಯನ್ನು ಓದುವ ಯಂತ್ರ ತಾಲ್ಲೂಕಿನಲ್ಲಿ ಇರುವುದಿಲ್ಲ, ಆದರೆ ಕೈಯಲ್ಲಿ ಹೊತ್ತು ತರಬಹುದಾದದ್ದು. ಎಚ್.ಡಿ. ಕೋಟೆಯ ಹಾಡಿಯಿಂದ, ಪಿರಿಯಾಪಟ್ಟಣದ ಗಡಿಯ ಊರುಗಳಿಂದ ವೃದ್ಧರನ್ನು ಮೈಸೂರಿಗೆ ಕರೆದೊಯ್ಯುವ ಬದಲು ಆ ಯಂತ್ರವೇ ಮೂರು ತಿಂಗಳಿಗೊಮ್ಮೆ ಇತ್ತ ಬರಲಿ. ಜಯದೇವ ಸಂಸ್ಥೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು, ತಾಲ್ಲೂಕು ಆಸ್ಪತ್ರೆ ನಿಮ್ಮದು. ಆದ್ದರಿಂದ ಎರಡೂ ಇಲಾಖೆಯವರು ಒಟ್ಟಿಗೆ ಕೂತರಷ್ಟೇ ಇದು ಆದೀತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ವರ್ಷ ನಡೆಸಿ, ಎಷ್ಟು ಮಂದಿ ಎಷ್ಟು ದಿನ ಕಾದರು, ಕಾಯುವಾಗ ಎಷ್ಟು ಮಂದಿಗೆ ಲಕ್ವ ಹೊಡೆಯಿತು ಎಂಬ ಲೆಕ್ಕವನ್ನು ಆಸ್ಪತ್ರೆಯ ಬೋರ್ಡಿನ ಮೇಲೆ ಎಲ್ಲರೂ ಓದುವಂತೆ ಬರೆಸಿ. ಹೊಗೆಸೊಪ್ಪು ಬೇಯಿಸುವ ಕಾಲ ಶುರುವಾಗುವ ಮುನ್ನ ಆದೇಶ ಹೊರಬಿದ್ದರೆ ಈ ವರ್ಷದ ರೋಗಿಗಳಿಗೂ ಅದು ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಟ್ಟೆಮಳಲವಾಡಿಯ ಒಬ್ಬ ನಾಗರಿಕ