ತೆರೆದು ಮುಚ್ಚುವ ಸೂರು

ಜಯನಗರ, ಬನಶಂಕರಿಗಳ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ದೂರೊಂದುಂಟು. ನರ್ಸರಿಯಲ್ಲಿ ನಳನಳಿಸುತ್ತಿದ್ದ ಗಿಡ ಮನೆಯ ತಾರಸಿಗೆ ಬಂದ ಎಂಟೇ ದಿನಗಳಲ್ಲಿ ಎಲೆ ಸುಟ್ಟುಕೊಂಡು ಕತ್ತು ಬಾಗಿಸುತ್ತದೆ. ನೀರು ಸಾಲದೆ ಹೋಯಿತೆಂದು ಯಜಮಾನರು, ನೀರು ಹೆಚ್ಚಾಯಿತೆಂದು ಮನೆಯಾಕೆ, ಮಣ್ಣೇ ಸರಿಯಿಲ್ಲವೆಂದು ನೆರೆಯವರು ತೀರ್ಪು ಕೊಡುತ್ತಾರೆ. ಗಿಡ ಮಾರಿದವನನ್ನು ಶಪಿಸುವವರೂ ಇಲ್ಲದಿಲ್ಲ. ಆದರೆ ಅನೇಕ ವೇಳೆ ತಪ್ಪು ಇವರಾರದೂ ಅಲ್ಲ; ಆ ಗಿಡ ಯಾವ ಸೂರಿನಡಿಯಲ್ಲಿ ಬೆಳೆಯಿತೋ ಆ ಸೂರಿನದು.

ನೆರಳು ಬಲೆಯ ಕೆಳಗೋ ಪಾಲಿಥೀನ್ ಹೊದಿಕೆಯ ಒಳಗೋ ಬೆಳೆಯುವ ಸಸಿಗೆ ಬಿಸಿಲು ಕಡಿಮೆ, ಗಾಳಿ ಕಡಿಮೆ, ತೇವ ಹೆಚ್ಚು. ಬೆಳಕನ್ನು ಅರಸುತ್ತ ಅದರ ಕಾಂಡ ಉದ್ದುದ್ದ ಚಾಚುತ್ತದೆ. ಗಿಣ್ಣುಗಳ ನಡುವಣ ಅಂತರ ಹಿಗ್ಗುತ್ತದೆ. ಎಲೆ ಅಗಲವಾಗಿ, ತೆಳುವಾಗಿ, ಅದರ ಮೇಲಣ ಮೇಣದ ಪೊರೆ ಬಲಿಯದೆ ಉಳಿಯುತ್ತದೆ. ನೋಟಕ್ಕೆ ಸೊಂಪು, ಬದುಕಿಗೆ ಅಶಕ್ತ. ಗಾಳಿಯಲ್ಲಿ ತೂಗಾಡಿದ ಗಿಡ ಗಿಡ್ಡವಾಗಿಯೂ ಗಟ್ಟಿಯಾಗಿಯೂ ಬೆಳೆಯುವುದೆಂಬುದು ಸಸ್ಯಶಾಸ್ತ್ರಜ್ಞರಿಗೆ ಗೊತ್ತಿರುವ ಸಂಗತಿ. ಅಮೆರಿಕದ ವಿಜ್ಞಾನಿ ಮಾರ್ಕ್ ಜಾಫೆ 1973ರಲ್ಲಿ ಈ ಕ್ರಿಯೆಗೆ ಶಾಸ್ತ್ರೀಯವಾದ ಹೆಸರೊಂದನ್ನೂ ಕೊಟ್ಟರು. ಗಾಳಿಯ ಸೋಂಕಿಲ್ಲದೆ ಬೆಳೆದ ಗಿಡವನ್ನು ಒಮ್ಮೆಲೇ ಏಪ್ರಿಲ್ ತಿಂಗಳ ತಾರಸಿಗೆ ತಂದಿಡುವುದೆಂದರೆ, ತೊಟ್ಟಿಲಿನ ಕೂಸನ್ನು ನೇರವಾಗಿ ಸಂತೆಗೆ ಕಳುಹಿಸಿದಂತೆಯೇ ಸರಿ.

ಅನುಭವಿಗಳಾದ ತೋಟಗಾರರು ಇದನ್ನು ಬಲ್ಲರು. ಮಾರಾಟಕ್ಕೆ ಮುನ್ನ ಸಸಿಗಳನ್ನು ದಿನಕ್ಕೆ ಒಂದೆರಡು ಗಂಟೆ ಎಳೆಬಿಸಿಲಿಗೆ, ಬಳಿಕ ಅರ್ಧ ದಿನಕ್ಕೆ, ಕೊನೆಗೆ ಇಡೀ ದಿನಕ್ಕೆ ಒಡ್ಡಿ ಗಟ್ಟಿಮಾಡುತ್ತಾರೆ. ನೂರು ಕುಂಡಗಳಿದ್ದರೆ ಇದು ಸಾಧ್ಯ. ಹತ್ತು ಸಾವಿರ ಸಸಿಗಳನ್ನು ಹೊತ್ತು ಹೊರಗಿಡುವವರಾರು, ಮಳೆ ಬಂದಾಗ ಒಳಗೆ ತರುವವರಾರು? ಗಿಡಗಳನ್ನು ಓಡಾಡಿಸುವ ಬದಲು ಸೂರನ್ನೇ ಓಡಾಡಿಸಿದರೆ ಹೇಗೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಹಳೆಯ ಯೋಚನೆ, ಹೊಸ ಯಂತ್ರ

ರೋಮ್ ಸಾಮ್ರಾಟ ಟೈಬೀರಿಯಸನಿಗೆ ಸೌತೆಯ ಜಾತಿಯ ಕಾಯಿಯೆಂದರೆ ಬಹು ಪ್ರೀತಿ. ವರ್ಷವಿಡೀ ಅದನ್ನು ಒದಗಿಸಲು ಅವನ ತೋಟಗಾರರು ಬಳ್ಳಿಯ ಪಾತಿಗಳನ್ನು ಚಕ್ರದ ಬಂಡಿಗಳ ಮೇಲೆ ಬೆಳೆಸಿ, ಬಿಸಿಲಿದ್ದಾಗ ಹೊರಗೆಳೆದು, ಚಳಿಯ ದಿನಗಳಲ್ಲಿ ಪಾರದರ್ಶಕ ಶಿಲೆಯ ಹೊದಿಕೆಯ ಕೆಳಗೆ ಸರಿಸುತ್ತಿದ್ದರೆಂದು ಪ್ಲಿನಿ ಬರೆದಿಟ್ಟಿದ್ದಾನೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಕಿತ್ತಿಳೆಮನೆಯ ಗಿಡಗಳನ್ನು ಇಂದಿಗೂ ಬೇಸಗೆಯಲ್ಲಿ ತೊಟ್ಟಿಗಳ ಸಮೇತ ಹೊರಗೆ ಸಾಗಿಸಿ, ಚಳಿಗಾಲದಲ್ಲಿ ಒಳಗೆ ಸೇರಿಸುತ್ತಾರೆ. ಅಷ್ಟು ದೂರವೇಕೆ? ತಾರಸಿಯ ಮೇಲೆ ಸಂಡಿಗೆ ಹರಡಿ, ಒಂದು ಕಣ್ಣನ್ನು ಮೋಡದ ಮೇಲಿಟ್ಟು, ಮೊದಲ ಹನಿ ಬೀಳುವ ಮುನ್ನ ಪಂಚೆ ಸುತ್ತಿಕೊಂಡು ಕೆಳಗಿಳಿಯುವ ಗೃಹಿಣಿಯ ಜಾಣ್ಮೆಯೂ ಇದೇ. ಬಿಸಿಲು ಬೇಕಾದಾಗ ಬಿಸಿಲು, ಮರೆ ಬೇಕಾದಾಗ ಮರೆ.

ಈ ಜಾಣ್ಮೆಯನ್ನು ಯಂತ್ರಕ್ಕೆ ಕಲಿಸಿದರೆ ಅದೇ ತೆರೆದು ಮುಚ್ಚುವ ಸೂರಿನ ಹಸುರುಮನೆ. ಕಂಬಗಳ ಮೇಲೆ ತಂತಿಗಳನ್ನು ಬಿಗಿದು, ಅವುಗಳ ಮೇಲೆ ನೆಯ್ದ ಪ್ಲಾಸ್ಟಿಕ್ ಬಟ್ಟೆಯನ್ನು ಕಿಟಕಿಯ ಪರದೆಯಂತೆ ಹಾಸುತ್ತಾರೆ. ಸಣ್ಣದೊಂದು ಮೋಟಾರು ಹಗ್ಗವನ್ನೋ ಹಲ್ಲುಪಟ್ಟಿಯನ್ನೋ ಎಳೆದಾಗ ಬಟ್ಟೆ ಮಡಿಕೆ ಮಡಿಕೆಯಾಗಿ ಸರಿದು ಕೆಲವೇ ನಿಮಿಷಗಳಲ್ಲಿ ಆಕಾಶ ತೆರೆದುಕೊಳ್ಳುತ್ತದೆ. ಉಷ್ಣತೆ, ಗಾಳಿಯ ವೇಗ, ಮಳೆಯ ಹನಿ, ಬಿಸಿಲಿನ ತೀವ್ರತೆಗಳನ್ನು ಅಳೆಯುವ ಸಾಧನಗಳು ಆಜ್ಞೆ ಕೊಡುತ್ತವೆ. ಸಪಾಟಾದ ಸೂರು ಅಗ್ಗವಾದರೂ ಜೋರು ಮಳೆಗೆ ತೊಟ್ಟಿಕ್ಕುವುದುಂಟು. ಇಳಿಜಾರಿನ ಸೂರು ನೀರನ್ನು ದೋಣಿಗೆ ಇಳಿಸಿ ತೊಟ್ಟಿಗೆ ಸಾಗಿಸುತ್ತದೆ. ಕೆನಡಾ, ಮೆಕ್ಸಿಕೊ, ಆಸ್ಟ್ರೇಲಿಯಾ ಮುಂತಾದ ದೇಶಗಳ ಬೆಳೆಗಾರರು ಇಂಥ ಮನೆಗಳನ್ನು ಬಳಸುತ್ತಿದ್ದಾರೆ.

ಬೆಂಗಳೂರಿಗೆ ಇದು ಬೇಕೆ?

ಯೂರೋಪಿನ ಗಾಜಿನ ಮನೆ ಹುಟ್ಟಿದ್ದು ಶಾಖವನ್ನು ಹಿಡಿದಿಡಲು. ಬೆಂಗಳೂರಿಗೆ ಆ ಚಿಂತೆ ಇಲ್ಲ. ಲಾಲ್‌ಬಾಗಿನ ಪ್ರಸಿದ್ಧ ಗಾಜಿನ ಮನೆಗೆ ರಾಜಕುಮಾರ ಆಲ್ಬರ್ಟ್ ವಿಕ್ಟರ್ 1889ರ ನವೆಂಬರ್ 30ರಂದು ಅಸ್ತಿಭಾರವಿಟ್ಟಾಗ, ಉದ್ಯಾನದ ಅಧೀಕ್ಷಕರಾಗಿದ್ದ ಜಾನ್ ಕ್ಯಾಮೆರಾನ್ ಅವರ ಮನಸ್ಸಿನಲ್ಲಿದ್ದುದು ಫಲಪುಷ್ಪ ಪ್ರದರ್ಶನಕ್ಕೊಂದು ಭವ್ಯ ಮಂಟಪ. ಗಿಡಗಳನ್ನು ಬೆಚ್ಚಗಿಡುವ ಒಲೆಯಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ವರ್ಷದ ಬಹುಭಾಗ ಬಯಲೇ ಹಸುರುಮನೆ.

ಹಾಗಾದರೆ ಸೂರೇ ಬೇಡವೆಂದು ಹೇಳಬಹುದೆ? ಹೇಳಲಾಗದು. ವರ್ಷದ ಮಳೆ ಸುಮಾರು 97 ಸೆಂಟಿಮೀಟರ್. ಅದು ಬೀಳುವುದು ಹೆಚ್ಚುಕಡಮೆ 60 ದಿನಗಳಲ್ಲಿ. ಅಶ್ವಿನಿ, ಭರಣಿಗಳಲ್ಲಿ ಗುಡುಗು, ಬಿರುಗಾಳಿ, ಒಮ್ಮೊಮ್ಮೆ ಆಲಿಕಲ್ಲು. ಹಸ್ತ, ಚಿತ್ತೆಗಳಲ್ಲಿ ರಾತ್ರಿಯಿಡೀ ಸುರಿಯುವ ಜಡಿ. 2022ರ ಸೆಪ್ಟೆಂಬರ್ ಮೊದಲ ವಾರದ ಒಂದೇ ರಾತ್ರಿ ನಗರದಲ್ಲಿ 131.6 ಮಿಲಿಮೀಟರ್ ಮಳೆ ಬಿದ್ದಿತು. 2016ರ ಏಪ್ರಿಲ್ 24ರಂದು ಉಷ್ಣತೆ 39.2 ಡಿಗ್ರಿಗೆ ಏರಿತು. ಮೂರು ತಿಂಗಳು ಸಾಕಿದ ಸಸಿಗಳನ್ನು ಹತ್ತು ನಿಮಿಷದ ಆಲಿಕಲ್ಲು ಚಿಂದಿಮಾಡಬಲ್ಲುದು. ಮಡಿಯಲ್ಲಿ ನಿಂತ ಒಂದು ರಾತ್ರಿಯ ನೀರು ಬೇರುಗಳನ್ನು ಕೊಳೆಸಬಲ್ಲುದು. ಬ್ಯಾಂಕಿನ ಸಾಲದಲ್ಲಿ ಬೆಳೆ ತೆಗೆದವನಿಗೆ ಅದು ವರ್ಷದ ಅನ್ನದ ಪ್ರಶ್ನೆ.

ಇಲ್ಲಿಯೇ ವಿಷಯದ ಮರ್ಮ ಅಡಗಿದೆ. ವರ್ಷದ ಕೆಲವು ನೂರು ಗಂಟೆಗಳ ಆಪತ್ತಿಗಾಗಿ ಕಟ್ಟಿದ ಸ್ಥಿರವಾದ ಸೂರು, ಉಳಿದ ಸಾವಿರಾರು ಒಳ್ಳೆಯ ಗಂಟೆಗಳಲ್ಲಿಯೂ ಬೆಳಕಿನ ಒಂದು ಪಾಲನ್ನು ತಡೆಯುತ್ತದೆ. ಧೂಳು ಕೂತಂತೆಲ್ಲ ಆ ಪಾಲು ಬೆಳೆಯುತ್ತದೆ. ಮಧ್ಯಾಹ್ನದ ಹೊತ್ತು ಒಳಗಿನ ಕಾವು ಹೊರಗಿನದನ್ನು ಮೀರುತ್ತದೆ. ಅದನ್ನು ಇಳಿಸಲು ಬೀಸಣಿಗೆ, ತುಂತುರು, ವಿದ್ಯುತ್ತಿನ ಬಿಲ್ಲು. ಸರಿಯುವ ಸೂರು ಆಪತ್ತಿನ ಗಂಟೆಯಲ್ಲಿ ಮಾತ್ರ ಮುಚ್ಚಿಕೊಳ್ಳುತ್ತದೆ.

ಬೆಳೆಗಾರನಿಗೆ ಇದರಿಂದಾಗುವ ಲಾಭಗಳು ಹಲವು. ಬೆಳಗಿನ ಪೂರ್ಣ ಬಿಸಿಲು ದೊರೆತು ಸಸಿ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ. ಇದ್ದಲ್ಲಿಯೇ ಹದಗೊಳ್ಳುವುದರಿಂದ ಹೊತ್ತು ಸಾಗಿಸುವ ಕೂಲಿ ಉಳಿಯುತ್ತದೆ. ಗಾಳಿಯಾಡಿ ಎಲೆಗಳ ಪಸೆ ಬೇಗ ಆರುವುದರಿಂದ ಬೂಜು ರೋಗಗಳಿಗೆ ಎಡೆ ಕಡಿಮೆ, ಔಷಧ ಸಿಂಪಡಿಸುವ ಖರ್ಚೂ ಕಡಿಮೆ. ಬಣ್ಣದೆಲೆಯ ಗಿಡಗಳಿಗೆ ಬಯಲ ಬೆಳಕಿನಲ್ಲಿಯೇ ಕೆಂಪು ಏರುವುದು. ಜೇನ್ನೊಣಗಳು ಒಳಗೆ ಬಂದು ಪರಾಗ ಸಾಗಿಸುತ್ತವೆ. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದಲ್ಲಿ ಕೂತ ಉಪ್ಪನ್ನು ತೊಳೆಯಲು ಹದವಾದ ಮಳೆಯೊಂದನ್ನು ಬೇಕೆಂದೇ ಒಳಗೆ ಬಿಟ್ಟುಕೊಳ್ಳಬಹುದು. ಪುಷ್ಯಮಾಸದ ರಾತ್ರಿಗಳಲ್ಲಿ ಸೂರನ್ನು ಮುಚ್ಚಿದರೆ ನೆಲದ ಕಾವು ಆಕಾಶಕ್ಕೆ ಹಾರಿಹೋಗುವುದು ತಗ್ಗುತ್ತದೆ. ಆದರೆ ಎಲ್ಲ ಗಿಡಕ್ಕೂ ಇದು ಬೇಕಿಲ್ಲ. ಆರ್ಕಿಡ್, ಆಂತೂರಿಯಂಗಳಂಥ ನೆರಳುಪ್ರಿಯ ಸಸ್ಯಗಳಿಗೆ ಸಾಧಾರಣ ನೆರಳುಮನೆಯೇ ಸಾಕು.

ಗಂಟಿನ ಮಾತು

ಗುಣಗಾನ ಮಾಡಿ ಗಂಟಿನ ಮಾತನ್ನು ಮರೆಯುವುದು ನ್ಯಾಯವಲ್ಲ. ಇಂಥ ಸೂರಿನಲ್ಲಿ ಚಲಿಸುವ ಭಾಗಗಳು ಹೆಚ್ಚು. ಚಲಿಸುವುದೆಲ್ಲವೂ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಬಟ್ಟೆಯ ಆಯುಸ್ಸು ಕೆಲವೇ ವರ್ಷಗಳದು. ಪದೇ ಪದೇ ಮಡಚುವುದರಿಂದ ಮಡಿಕೆಯಲ್ಲಿ ಸವೆತ ಮೊದಲಾಗುತ್ತದೆ. ದುರಸ್ತಿ ಬಲ್ಲ ಕೆಲಸಗಾರ ಸಮೀಪದಲ್ಲಿರಬೇಕು. ಎಲ್ಲಕ್ಕೂ ಮಿಗಿಲಾದ ಅಪಾಯವೊಂದಿದೆ. ಬೆಂಗಳೂರಿನ ಬೇಸಗೆಯಲ್ಲಿ ಬಿರುಗಾಳಿ, ಮಳೆ, ವಿದ್ಯುತ್ ಕಡಿತ ಮೂರೂ ಕೈಹಿಡಿದುಕೊಂಡೇ ಬರುತ್ತವೆ. ಸೂರು ಮುಚ್ಚಲೇಬೇಕಾದ ನಿಮಿಷದಲ್ಲಿಯೇ ಮೋಟಾರು ಮೂಕವಾದರೆ ಹಾಕಿದ ಹಣವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಬ್ಯಾಟರಿ ಅಥವಾ ಜನರೇಟರಿನ ಜೊತೆಗೆ, ಕೈಯಿಂದ ತಿರುಗಿಸುವ ಹಿಡಿಯೂ ಇರಲೇಬೇಕು. ತಿರುಗಿಸಲು ಬಲ್ಲವನೊಬ್ಬ ತೋಟದಲ್ಲಿ ಮಲಗಿರಬೇಕು. ಯಂತ್ರ ಬಂದರೆ ಕಾವಲುಗಾರ ಬೇಡವೆಂದುಕೊಳ್ಳುವವನು ಈ ಕೆಲಸಕ್ಕೆ ಇಳಿಯದಿರುವುದೇ ಲೇಸು.

ಯಾರಿಗೆ ಇದು ಹೊಂದೀತು? ಬೆಂಗಳೂರಿಗೆ ಬೀಜ, ಸಸಿಗಳ ವ್ಯವಸಾಯ ಹೊಸದಲ್ಲ. ಡಾ. ಮನಮೋಹನ ಅತ್ತಾವರ ಅವರು 1965ರಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲಿ ‘ಕರ್ನಾಟಕ’ ಎಂಬ ಟೊಮೇಟೊ ಮತ್ತು ‘ಭಾರತ್’ ಎಂಬ ದಪ್ಪ ಮೆಣಸಿನಕಾಯಿಯ ಸಂಕರ ತಳಿಗಳನ್ನು ಮಾರುಕಟ್ಟೆಗೆ ತಂದಿತು. ಸಂಕರ ಬೀಜವೆಂದರೆ ಒಂದೊಂದು ಹೂವನ್ನೂ ಕೈಯಿಂದ ಸಂಸ್ಕರಿಸಿ ಪರಾಗ ಸೋಕಿಸುವ ಕೆಲಸ; ಮಳೆ ಬಿದ್ದರೆ ದಿನದ ದುಡಿಮೆ ತೊಳೆದುಹೋಗುತ್ತದೆ. ಇಂಥ ಬೆಲೆಬಾಳುವ ಬೆಳೆಗೂ, ಲಕ್ಷಗಟ್ಟಲೆ ಸಸಿ ಮಾರುವ ದೊಡ್ಡ ನರ್ಸರಿಗೂ ತೆರೆದು ಮುಚ್ಚುವ ಸೂರಿನ ಖರ್ಚು ಹುಟ್ಟೀತು.

ಲಾಲ್‌ಬಾಗಿನ ನೆರೆಯ ಸಿದ್ದಾಪುರದ ನರ್ಸರಿಗಳ ಮಾತು ಬೇರೆ. ತೋಟಗಾರಿಕೆಯನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ತಿಗಳರ ಕೈಗುಣದಿಂದ ಬೆಂಗಳೂರಿನ ಈ ಭಾಗ ಹಸುರಾಯಿತು. ಅಂಗೈಯಗಲದ ನೆಲ, ಮಿತವಾದ ಬಂಡವಾಳ; ಸುತ್ತಲೂ ಬೆಲೆ ಏರುತ್ತಲೇ ಇರುವ ನಿವೇಶನಗಳು. ಅಲ್ಲಿ ವಿದೇಶೀ ಯಂತ್ರವನ್ನು ತಂದು ನಿಲ್ಲಿಸುವುದು ಕನಸಿನ ಮಾತು. ಆದರೆ ಯಂತ್ರ ದುಬಾರಿಯಾದರೂ ತತ್ತ್ವ ದುಬಾರಿಯಲ್ಲ. ತಂತಿಯ ಮೇಲೆ ಉಂಗುರ ಪೋಣಿಸಿ, ರಾಟೆಗೆ ಹಗ್ಗ ಹಾಕಿ, ನೆರಳು ಬಲೆಯನ್ನು ಬೆಳಿಗ್ಗೆ ಸರಿಸಿ ಹನ್ನೊಂದರ ಹೊತ್ತಿಗೆ ಎಳೆಯುವುದಕ್ಕೆ ಎರಡು ಕೈಗಳು ಸಾಕು. ನರ್ಸರಿಯವರ ಸಹಕಾರ ಸಂಘ ಲಾಲ್‌ಬಾಗಿನಲ್ಲಿಯೇ ಇದೆ. ಹತ್ತು ಮಂದಿ ಕೂಡಿ ಒಂದೇ ಸರಿಯುವ ಸೂರನ್ನು ಕಟ್ಟಿಸಿ, ಮಾರಾಟಕ್ಕೆ ಮುನ್ನ ಕೊನೆಯ ಎರಡು ವಾರ ಸರದಿಯಂತೆ ಸಸಿಗಳನ್ನು ಅಲ್ಲಿರಿಸುವುದೂ ಅಸಾಧ್ಯವೇನಲ್ಲ. 2005-06ರಲ್ಲಿ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಆರಂಭವಾದಂದಿನಿಂದ ಪಾಲಿಹೌಸ್, ನೆರಳುಮನೆಗಳಿಗೆ ಸರಕಾರದ ಸಹಾಯಧನ ದೊರೆಯುತ್ತ ಬಂದಿದೆ. ಕೂಡಿ ಕೇಳಿದವರ ದನಿ ಒಬ್ಬೊಬ್ಬರ ದನಿಗಿಂತ ದೊಡ್ಡದು.

ಕೊಳ್ಳುವವರ ಪಾತ್ರವೂ ಇದರಲ್ಲಿದೆ. ಅತ್ಯಂತ ಎತ್ತರದ, ಅತ್ಯಂತ ಸೊಂಪಾದ ಗಿಡವನ್ನೇ ಆರಿಸುವ ಗಿರಾಕಿಯ ಕಣ್ಣಿಗೆ ತಕ್ಕಂತೆ ಬೆಳೆಗಾರ ಗಿಡವನ್ನು ಉಬ್ಬಿಸುತ್ತಾನೆ. ಗಿಣ್ಣು ಹತ್ತಿರವಿರುವ, ಎಲೆ ದಪ್ಪಗಿರುವ, ಬಿಸಿಲು ಕಂಡ ಗಿಡ್ಡ ಗಿಡಕ್ಕೆ ನಾಲ್ಕು ರೂಪಾಯಿ ಹೆಚ್ಚು ಕೊಡುವ ಗಿರಾಕಿಗಳು ದೊರೆತ ದಿನ, ಗಿಡಕ್ಕೆ ಆಕಾಶ ತೋರಿಸುವ ಬೆಳೆಗಾರನ ಕೈಗೂ ನಾಲ್ಕು ಕಾಸು ಹತ್ತೀತು.